ಎಲ್ಲರಿಗಿಂತ ಕೊನೆಗೆ ಬಂದರೆ?

ಸೆಪ್ಟೆಂಬರ್ ಬಂತೆಂದರೆ ಈ ಅಂಕಣದ ಪತ್ರಗಳೆಲ್ಲ ಊಟಿ ರಸ್ತೆ ಹಿಡಿಯುತ್ತವೆ. ಈ ಸಲ ಬಂದವುಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ನಾಲ್ಕೂ ಒಂದೇ ವಿಷಯದ್ದು: ಊಟ, ವಸತಿ, ಸಾಮಾನು ಸಾಗಣೆ, ಮೆಕ್ಯಾನಿಕ್ಕು, ಹಿಂದೆ ಮುಂದೆ ವಾಹನ, ಎಲ್ಲವನ್ನೂ ಆಯೋಜಕರೇ ನೋಡಿಕೊಳ್ಳುವ ಹಲವು ದಿನಗಳ ಗುಂಪು ಸೈಕಲ್ ಪ್ರವಾಸ. ಮೊದಲ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಅದರಲ್ಲಿರುವ ಅಂಜಿಕೆ ಹತ್ತು ವರ್ಷದ ಹಿಂದೆ ನನ್ನದೂ ಆಗಿತ್ತು.

ಪ್ರಶ್ನೆ: ಮೇಡಂ, ನನಗೆ 46 ವರ್ಷ, ಬ್ಯಾಂಕ್ ನೌಕರ. ಮೂರು ವರ್ಷದಿಂದ ನೇರ ಹ್ಯಾಂಡಲಿನ ಹೈಬ್ರಿಡ್ ಸೈಕಲ್ ತುಳಿಯುತ್ತಿದ್ದೇನೆ. ಮುಂದೆ ಮೂರು, ಹಿಂದೆ ಎಂಟು ಗೇರು. ಭಾನುವಾರ ಹರಿಹರಕ್ಕೆ ಹೋಗಿಬರುತ್ತೇನೆ, ಎರಡು ಸಲ ಸೂಳೆಕೆರೆಗೂ ಹೋಗಿದ್ದೇನೆ. ಗೆಳೆಯರು ಡಿಸೆಂಬರಿನ ನೀಲಗಿರಿ ಪ್ರವಾಸಕ್ಕೆ ಹೆಸರು ಕೊಟ್ಟಿದ್ದಾರೆ. ಎಂಟು ದಿನ. ಅವರದೆಲ್ಲ ರೋಡ್ ಬೈಕು, ತೆಳು ಟೈರಿನ ವೇಗದ ಸೈಕಲ್. ನನ್ನ ಭಯ ಒಂದೇ. ದಿನಾ ಎಲ್ಲರಿಗಿಂತ ಕೊನೆಗೆ ಬಂದು, ನನ್ನೊಬ್ಬನಿಂದ ಇಡೀ ಗುಂಪು ಕಾಯುವಂತಾದರೆ? ಹೆಸರು ಕೊಡಲೋ ಬೇಡವೋ? – ದಾವಣಗೆರೆಯ ಓದುಗ

ಉತ್ತರ: ಕೊಡಿ. ಗೆಳೆಯರು ಕೇಳುವ ಮೊದಲೇ ಕೊಡಿ. ಉಳಿದದ್ದನ್ನು ಆಮೇಲೆ ಮಾತಾಡೋಣ.

ನಾನು ಮೊದಲ ಸಲ ಇಂಥ ಪ್ರವಾಸಕ್ಕೆ ಹೋದಾಗ ನನಗೆ 49. ಮೈಸೂರಿನ ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದೆ, ಸೈಕಲ್ ಹತ್ತಿ ಒಂದೇ ವರ್ಷವಾಗಿತ್ತು. ಬೆಳಿಗ್ಗೆ ಆರಕ್ಕೆ ಹೊರಟೆವು. ನಂಜನಗೂಡಿನಲ್ಲಿ ಕಪಿಲೆ ದಾಟುವಾಗ ಹೊಳೆಯ ಮೇಲೆ ಇನ್ನೂ ಮಂಜು ಕೂತಿತ್ತು. ಗುಂಡ್ಲುಪೇಟೆಯವರೆಗಿನ ಅರವತ್ತು ಕಿಲೋಮೀಟರ್ ಹೇಗೆ ಹೋಯಿತೋ ತಿಳಿಯಲಿಲ್ಲ. ಗುಂಪಿನ ಮಧ್ಯೆ ಇದ್ದೆ, ಮಾತಾಡುತ್ತ ತುಳಿದೆ. ಬಂಡೀಪುರದ ಕಾಡು ದಾಟಿ, ತೆಪ್ಪಕಾಡಿನಲ್ಲಿ ಗೂಡಲೂರಿನ ದಾರಿ ಬಿಟ್ಟು ಎಡಕ್ಕೆ ತಿರುಗಿ ಮಸಿನಗುಡಿ ಸೇರುವಾಗ ನನ್ನ ಮುಂದಿದ್ದವರೆಲ್ಲ ಕಣ್ಮರೆಯಾಗಿದ್ದರು. ಅಲ್ಲಿಂದ ಮುಂದೆ ಕಲ್ಹಟ್ಟಿ ಘಾಟಿ. ಮೂವತ್ತಾರು ಹೇರ್‌ಪಿನ್ ತಿರುವು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಊಟಿ 2,240 ಮೀಟರಿನಲ್ಲಿ. ಆ ಎತ್ತರದ ಬಹುಪಾಲನ್ನು ಈ ರಸ್ತೆ ದಿನದ ಕೊನೆಯಲ್ಲಿ ಒಟ್ಟಿಗೇ ಕೇಳುತ್ತದೆ.

ತಿರುವುಗಳನ್ನು ಎಣಿಸುತ್ತಾ ಹೋದೆ. ಒಂಬತ್ತನೆಯದರಲ್ಲಿ ಕಣ್ಣು ಮಂಕಾಯಿತು, ಕೈ ನಡುಗಿತು. ಇಳಿದು ರಸ್ತೆಬದಿಯ ಕಲ್ಲಿನ ಮೇಲೆ ಕೂತೆ. ಹಿಂದಿನಿಂದ ಒಂದು ಜೀಪು ಸದ್ದಿಲ್ಲದೆ ಬಂದು ನಿಂತು ಎಂಜಿನ್ ಆರಿಸಿತು. ಅದು ಪ್ರವಾಸದ ಕೊನೆಯ ವಾಹನ; ಸ್ವೀಪ್ ಎನ್ನುತ್ತಾರೆ. ಎಷ್ಟು ದೂರದಿಂದ ನನ್ನ ಹಿಂದೆಯೇ ಬರುತ್ತಿತ್ತೋ, ನಾನು ಗಮನಿಸಿರಲಿಲ್ಲ. ಚಾಲಕರು ಗುಂಡ್ಲುಪೇಟೆ ಕಡೆಯವರು, ನನಗಿಂತ ಚಿಕ್ಕವರು. "ನನ್ನಿಂದ ನಿಮಗೆ ತಡ ಆಯ್ತು" ಅಂದೆ. "ಅಕ್ಕ, ನಿಮ್ಮ ಹಿಂದೆ ಇರೋದೇ ನನ್ನ ಕೆಲ್ಸ. ನೀವು ಹೋದ್ರೆ ಹೋಯ್ತೀನಿ, ನಿಂತ್ರೆ ನಿಲ್ತೀನಿ. ಏನಾರ ತಿಂದ್ರಾ?" ಅಂದರು.

ತಿಂದಿರಲಿಲ್ಲ. ಬೆಳಗಿನ ಇಡ್ಲಿ ಆದಮೇಲೆ ಗುಂಡ್ಲುಪೇಟೆಯಲ್ಲಿ ಅರ್ಧ ಬಾಳೆಹಣ್ಣು, ಅಷ್ಟೇ. ಬೆನ್ನಿನ ಜೇಬಿನಲ್ಲಿ ಕಡಲೆ ಚಿಕ್ಕಿ ಇತ್ತು, ಪೊಟ್ಟಣ ಒಡೆದಿರಲಿಲ್ಲ. ಅವರು ತಮ್ಮ ಡಬ್ಬಿ ತೆರೆದು ಉಪ್ಪು ಹಾಕಿ ಬೇಯಿಸಿದ ಎರಡು ಆಲೂಗಡ್ಡೆ ಕೊಟ್ಟರು. ತಿಂದು, ಎರಡು ತಿರುವು ಸೈಕಲ್ ತಳ್ಳಿಕೊಂಡು ನಡೆದು, ಮತ್ತೆ ಹತ್ತಿದೆ. ಇಪ್ಪತ್ತಮೂರನೆಯ ತಿರುವಿನವರೆಗೆ ತುಳಿದೆ. ಅಷ್ಟರಲ್ಲಿ ಬಿಸಿಲು ಇಳಿದಿತ್ತು. ಸೈಕಲನ್ನು ಜೀಪಿಗೆ ಏರಿಸಿ ಮುಂದಿನ ಸೀಟಿನಲ್ಲಿ ಕೂತು ಊಟಿಗೆ ಹೋದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಆ ಸಂಜೆ ನನಗಾಗಿ ಯಾರು ಕಾದಿದ್ದರು? ಯಾರೂ ಇಲ್ಲ. ಮೊದಲು ಬಂದವರು ಸ್ನಾನ ಮುಗಿಸಿ ಮಲಗಿ ಎದ್ದಿದ್ದರು. ಊಟದ ಕೋಣೆಯಲ್ಲಿ ಅನ್ನ ಸಾರು ಬಿಸಿಯಾಗಿಯೇ ಇತ್ತು. ನನ್ನ ಚೀಲ ಕೋಣೆಗೆ ತಲುಪಿತ್ತು. ಮರುದಿನ ಬೆಳಿಗ್ಗೆ ಎಲ್ಲರ ಜತೆ ಗೆರೆಯ ಮೇಲೆ ನಿಂತೆ, ಯಾರೂ ನಿನ್ನೆಯದನ್ನು ಎತ್ತಲಿಲ್ಲ.

ಇಂಥ ಪ್ರವಾಸ ನಡೆಯುವ ಬಗೆಯೇ ಹಾಗೆ. 2008ರಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್ ನಮ್ಮ ಕಡೆ ಈ ಪದ್ಧತಿಯನ್ನು ಬಹಳ ಜನಕ್ಕೆ ಪರಿಚಯಿಸಿತು. ಈಗ ಚಿಕ್ಕ ದೊಡ್ಡ ಪ್ರವಾಸಗಳು ಹಲವಿವೆ. ಹೊರಡುವಾಗ ಎಲ್ಲರೂ ಒಟ್ಟಿಗೆ. ಒಂದು ಗಂಟೆಯೊಳಗೆ ಗುಂಪು ತಾನಾಗಿ ಮೂರು ನಾಲ್ಕು ಚೂರಾಗುತ್ತದೆ. ಇಪ್ಪತ್ತೈದು ಮೂವತ್ತು ಕಿಲೋಮೀಟರಿಗೊಂದು ಕಡೆ ನೀರು, ಹಣ್ಣು, ತಿಂಡಿಯ ಮೇಜು. ಮೆಕ್ಯಾನಿಕ್ಕಿನ ಗಾಡಿ ನಡುವೆ ಓಡಾಡುತ್ತಿರುತ್ತದೆ. ಸಾಮಾನಿನ ಲಾರಿ ಬೆಳಿಗ್ಗೆಯೇ ಮುಂದಿನ ಊರಿಗೆ ಹೊರಟಿರುತ್ತದೆ. ಕೊನೆಯಲ್ಲಿ ಸ್ವೀಪ್. ಆ ವಾಹನಕ್ಕಿಂತ ಹಿಂದೆ ಯಾರೂ ಉಳಿಯುವುದಿಲ್ಲ, ಅದರ ಲೆಕ್ಕವೇ ಅದು. ನೀವು ಕೊನೆಯವರಾದರೆ ನಿಮಗಿಂತ ಕ್ಷೇಮವಾಗಿ ಆ ರಸ್ತೆಯಲ್ಲಿ ಇನ್ನೊಬ್ಬರಿಲ್ಲ.

ಒಂದು ಮಾತನ್ನು ಮಾತ್ರ ಮೊದಲೇ ಒಪ್ಪಿಕೊಂಡು ಹೋಗಿ. ಇಂತಿಷ್ಟು ಹೊತ್ತಿಗೆ ಇಂಥಲ್ಲಿ ಇರಬೇಕು ಎಂಬ ಗಡುವು ಇರುತ್ತದೆ. ಮೀರಿದರೆ ವಾಹನ ಹತ್ತಿ ಎನ್ನುತ್ತಾರೆ. ಆಗ ವಾದ ಮಾಡಬೇಡಿ. ಬಂಡೀಪುರದ ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರ ನಿಷೇಧವಿದೆ. ಆಯೋಜಕರಿಗೆ ಅದಕ್ಕೂ ಎಷ್ಟೋ ಮೊದಲು, ಆನೆಗಳು ರಸ್ತೆಗೆ ಇಳಿಯುವ ಸಂಜೆಗೂ ಮೊದಲು, ಪ್ರತಿಯೊಬ್ಬರೂ ಕಾಡಿನಿಂದ ಹೊರಗಿರಬೇಕು. ಕಾಡಿನೊಳಗೆ ಮೂತ್ರಕ್ಕೂ ನಿಲ್ಲಬೇಡಿ, ಬಾಳೆಹಣ್ಣಿನ ಸಿಪ್ಪೆಯನ್ನೂ ಎಸೆಯಬೇಡಿ, ಜೇಬಿಗೆ ಹಾಕಿಕೊಳ್ಳಿ. ಕರ್ನಾಟಕ, ತಮಿಳುನಾಡು, ಕೇರಳ ಮೂರಕ್ಕೂ ಸೇರಿದ ನೀಲಗಿರಿ ಜೀವಗೋಳ 1986ರಲ್ಲಿ ಘೋಷಣೆಯಾಯಿತು, ಆ ಮೂರೂ ರಾಜ್ಯದ ಕಾಡಿನಲ್ಲಿ ನಾವು ದಾರಿಹೋಕರು ಅಷ್ಟೇ.

ಇನ್ನು ನಿಮ್ಮ ಸೈಕಲ್. ರೋಡ್ ಬೈಕಿನವರ ಮುಂದೆ ಹೈಬ್ರಿಡ್ ಎಂದು ಕುಗ್ಗಿದ್ದೀರಿ. ಈ ಪತ್ರ ಓದಿದ ಮೇಲೆ ಸೈಕಲನ್ನು ಬಾಗಿಲಲ್ಲಿ ನಿಲ್ಲಿಸಿ, ಪೆಡಲಿನ ಬಳಿಯ ಮೂರು ಹಲ್ಲುಚಕ್ರಗಳಲ್ಲಿ ಅತಿ ಚಿಕ್ಕದರ ಹಲ್ಲು ಎಣಿಸಿ. ಹಲವು ಹೈಬ್ರಿಡ್‌ಗಳಲ್ಲಿ ಅದು 28. ಹಿಂದಿನ ಅತಿ ದೊಡ್ಡದು 32 ಎಂದಿಟ್ಟುಕೊಳ್ಳೋಣ. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲಿನ ಚಕ್ರ 28ನ್ನು 32ರಿಂದ ಭಾಗಿಸಿದಷ್ಟು, ಅಂದರೆ ಮುಕ್ಕಾಲಿಗೆ ತುಸು ಹೆಚ್ಚು ಸುತ್ತು ತಿರುಗುತ್ತದೆ. ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಆರೂವರೆ ಕಿಲೋಮೀಟರ್ ವೇಗ. ನಿಮ್ಮ ಗೆಳೆಯರ ರೋಡ್ ಬೈಕಿನಲ್ಲಿ ಅತಿ ಹಗುರ ಗೇರು ಮುಂದೆ 34, ಹಿಂದೆ 28 ಹಲ್ಲಿನದಾಗಿದ್ದರೆ, ಅದೇ 60 ಸುತ್ತಿಗೆ ಅವರು ಗಂಟೆಗೆ ಒಂಬತ್ತು ಕಿಲೋಮೀಟರಿಗಿಂತ ಹೆಚ್ಚು ಹೋಗಲೇಬೇಕು. ನೂರು ಮೀಟರಿಗೆ ಒಂಬತ್ತು ಮೀಟರ್ ಏರುವ ರಸ್ತೆಯಲ್ಲಿ ಸೈಕಲ್ ಸೇರಿ 80 ಕಿಲೋ ಭಾರವನ್ನು ಮೇಲೆತ್ತಲು ನಿಮಗೆ ಸುಮಾರು 130 ವ್ಯಾಟ್ ಬೇಕು, ಅವರಿಗೆ 180. ನೂರಮೂವತ್ತನ್ನು ನಿಮ್ಮ ವಯಸ್ಸಿನವರು ಅಭ್ಯಾಸ ಮಾಡಿಕೊಂಡರೆ ಎರಡು ಗಂಟೆ ಹಿಡಿದಿಡಬಹುದು. ನೂರಎಂಬತ್ತು ಬಹಳ ಜನರ ಮಂಡಿಯನ್ನು ಕೇಳುತ್ತದೆ. ಅವರು ಬೇಗ ಹೋಗುವುದು ನಿಜ, ಆದರೆ ನಿಧಾನವಾಗಿ ಹೋಗಬೇಕೆಂದರೆ ಅವರ ಸೈಕಲ್ ಬಿಡುವುದಿಲ್ಲ. ನಿಮ್ಮದು ಬಿಡುತ್ತದೆ. ಅದನ್ನು ಬಳಸಿಕೊಳ್ಳಿ.

ಬಯಲಿನಲ್ಲಿ ಮಾತ್ರ ಗುಂಪಿನ ಬೆನ್ನು ಬಿಡಬೇಡಿ. ಗಂಟೆಗೆ 28-30ರಲ್ಲಿ ಹೋಗುವಾಗ ಶಕ್ತಿಯ ಬಹುಪಾಲು ಗಾಳಿ ಸೀಳುವುದಕ್ಕೇ ಹೋಗುತ್ತದೆ. ಒಬ್ಬರ ಹಿಂದೆ ಒಂದು ಗಜ ಅಂತರದಲ್ಲಿ ತುಳಿದರೆ ಸುಮಾರು ಕಾಲುಭಾಗ ಉಳಿತಾಯ. ಹಾಗೆ ಹೋಗುವಾಗ ನಿಮ್ಮ ಮುಂಚಕ್ರ ಅವರ ಹಿಂಚಕ್ರದ ಪಕ್ಕಕ್ಕೆ ಹೋಗಬಾರದು; ಅವರು ತುಸು ಓರೆಯಾದರೂ ಬೀಳುವವರು ನೀವು. ಗುಂಡಿ ಕಂಡರೆ ಕೈ ತೋರಿಸಿ "ಗುಂಡಿ" ಎಂದು ಕೂಗಿ, ದಿಢೀರ್ ಬ್ರೇಕು ಬೇಡ. ಏರಿನಲ್ಲಿ ಇದು ಪೂರ್ತಿ ತಲೆಕೆಳಗು. ಆರೇಳು ಕಿಲೋಮೀಟರ್ ವೇಗದಲ್ಲಿ ಗಾಳಿಯ ತಡೆ ಲೆಕ್ಕಕ್ಕೇ ಬರುವುದಿಲ್ಲ, ಹಾಗಾಗಿ ಇನ್ನೊಬ್ಬರ ಬೆನ್ನು ಹಿಡಿದರೆ ಬರುವುದು ಅವರ ಏದುಸಿರು ಮಾತ್ರ. ಘಾಟಿ ಶುರುವಾದ ಕೂಡಲೇ ಗೆಳೆಯರಿಗೆ "ಊಟಿಯಲ್ಲಿ ಸಿಗೋಣ" ಎಂದು ಹೇಳಿ ಬಿಟ್ಟುಬಿಡಿ. ಒಂದು ಪೂರ್ತಿ ವಾಕ್ಯ ಮಾತಾಡಲು ಉಸಿರು ಉಳಿದಿದ್ದರೆ ನಿಮ್ಮ ವೇಗ ಸರಿಯಿದೆ.

ಅಭ್ಯಾಸಕ್ಕೆ ನಿಮಗೆ ಹನ್ನೆರಡು ವಾರ ಸಿಗುತ್ತದೆ. ಭಾನುವಾರ ಒಂದೇ ದಿನ ತುಳಿದರೆ ಸಾಲದು. ಎಂಟು ದಿನದ ಪ್ರವಾಸದಲ್ಲಿ ದೇಹ ಕೇಳುವುದು ಒಂದು ದೊಡ್ಡ ದಿನವನ್ನಲ್ಲ, ದಣಿದ ಮೈಯಲ್ಲಿ ಮತ್ತೆ ಸೀಟಿನ ಮೇಲೆ ಕೂರುವುದನ್ನು. ಶನಿವಾರ ಅರ್ಧ ದಿನ, ಭಾನುವಾರ ಮತ್ತೆ ಅಷ್ಟೇ. ಎರಡನೇ ಶನಿವಾರ ನಿಮಗೆ ರಜೆ, ಆ ವಾರ ಸೂಳೆಕೆರೆಗೆ ಹೋಗಿಬಂದು ಮರುದಿನವೂ ಹರಿಹರ ದಾಟಿ ಹೋಗಿ. ಬೆಟ್ಟ ಇಲ್ಲ ಎನ್ನಬೇಡಿ, ನಿಮ್ಮ ಬಯಲುಸೀಮೆಯ ಎದುರುಗಾಳಿ ಇದೆ. ಗಾಳಿಗೆ ಎದುರಾಗಿ ಚಿಕ್ಕ ಗೇರಿನಲ್ಲಿ, ಸೀಟಿನಿಂದ ಏಳದೆ, ಒಂದು ಗಂಟೆ ಒಂದೇ ಸಮ ತುಳಿಯುವುದು ಕಲ್ಹಟ್ಟಿಗೆ ಒಳ್ಳೆಯ ತಯಾರಿ. ಪ್ರವಾಸದಲ್ಲಿ ಮೂರನೇ ದಿನ ಬಹಳ ಜನಕ್ಕೆ ಮನಸ್ಸು ಮುರಿಯುತ್ತದೆ. ತೊಡೆ ಕಲ್ಲಾಗಿರುತ್ತದೆ, ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕು. ಅದನ್ನು ನೋಡಿ ವಾಪಸ್ ಬಸ್ ಹತ್ತಬೇಡಿ. ನಾಲ್ಕನೆಯ ದಿನ ಹತ್ತು ಕಿಲೋಮೀಟರ್ ತುಳಿದ ಮೇಲೆ ಕಾಲು ಬಿಡಿಸಿಕೊಳ್ಳುವುದನ್ನು ಪ್ರತಿ ಪ್ರವಾಸದಲ್ಲೂ ಕಂಡಿದ್ದೇನೆ.

ಮತ್ತೆ ಊಟ. ಒಂಬತ್ತನೇ ತಿರುವಿನಲ್ಲಿ ನನ್ನನ್ನು ಇಳಿಸಿದ್ದು ಕಾಲಲ್ಲ, ಹೊಟ್ಟೆ. ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ-ಸಕ್ಕರೆ ಒಳಗೆ ಹೋಗುತ್ತಿರಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಹಸಿವಾಗುವವರೆಗೆ ಕಾಯಬೇಡಿ, ಮುಕ್ಕಾಲು ಗಂಟೆಗೊಮ್ಮೆ ಗಡಿಯಾರ ನೋಡಿ ತಿನ್ನಿ. ಬಾಳೆಹಣ್ಣು, ಖರ್ಜೂರ, ಚಿಕ್ಕಿ, ಬೇಯಿಸಿದ ಆಲೂಗಡ್ಡೆ, ನಿಮ್ಮ ಮನೆಯಲ್ಲಿ ಮಾಡುವ ಶೇಂಗಾ ಹೋಳಿಗೆಯೂ ಆಗುತ್ತದೆ. ಎರಡು ಬಾಟಲಿಯಲ್ಲಿ ಒಂದು ಬರೀ ನೀರು, ಇನ್ನೊಂದರಲ್ಲಿ ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಮತ್ತು ನಿಂಬೆರಸ. ಪೊಟ್ಟಣದಲ್ಲಿ ಬರುವ ವಿದೇಶಿ ಜೆಲ್‌ಗಳನ್ನು ಪ್ರವಾಸದಲ್ಲಿ ಮೊದಲ ಸಲ ನುಂಗಬೇಡಿ. ಹೊಟ್ಟೆ ಕೆಟ್ಟು ದಿನ ಕಳೆದುಕೊಂಡವರನ್ನು ನೋಡಿದ್ದೇನೆ.

ಪ್ರಶ್ನೆ: ಅಕ್ಕಾರ, ನನಗ 34. ಎಲ್ಲಾರೂ ಗೇರು, ಟೈರು ಅಂತ ಬರೀತಾರ, ನಮ್ಮ ತ್ರಾಸ ಯಾರೂ ಬರಿಯೂದಿಲ್ಲ. ಸೀಟ್ ಮ್ಯಾಲೆ ಐದಾರು ತಾಸು ಕುಂತ್ರ ಉರಿ ತಡಿಯೂಕ ಆಗೂದಿಲ್ಲ. ದಾರ್‍ಯಾಗ ಬಾತ್‌ರೂಮಿನ ಚಿಂತಿ ಬ್ಯಾರೆ. ತಿಂಗಳ ದಿನ ಅದ ವಾರದಾಗ ಬಂದ್ರ ಏನ್ ಮಾಡೂದು? – ಹುಬ್ಬಳ್ಳಿಯ ಓದುಗಿ

ಉತ್ತರ: ತಂಗಿ, ನೀನು ಕೇಳಿದ್ದು ಒಳ್ಳೆಯದಾಯಿತು. ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಮೊದಲು ಉರಿ. ಒಳಗೆ ಮೆತ್ತೆ ಹೊಲಿದ ಸೈಕ್ಲಿಂಗ್ ಶಾರ್ಟ್ಸನ್ನು ಬರೀ ಮೈಮೇಲೆ ಹಾಕಬೇಕು, ಒಳಚಡ್ಡಿ ಹಾಕಬಾರದು. ಇದನ್ನು ಅಂಗಡಿಯವರು ಹೆಂಗಸರಿಗೆ ಹೇಳುವುದಿಲ್ಲ, ನಾವು ಕೇಳುವುದಿಲ್ಲ. ಒಳಚಡ್ಡಿಯ ಹೊಲಿಗೆಯೇ ಮೊದಲ ಮೂವತ್ತು ಕಿಲೋಮೀಟರಿನಲ್ಲಿ ಚರ್ಮ ಉಜ್ಜಿಬಿಡುತ್ತದೆ. ಉಜ್ಜುವ ಜಾಗಕ್ಕೆ ಹೊರಡುವ ಮೊದಲು ಪೆಟ್ರೋಲಿಯಂ ಜೆಲ್ಲಿ ಅಥವಾ ಅದಕ್ಕೆಂದೇ ಸಿಗುವ ಕ್ರೀಮು ಹಚ್ಚು. ಮೂರು ಶಾರ್ಟ್ಸ್ ಇರಲಿ. ಹೋಟೆಲು ಮುಟ್ಟಿದ ಕೂಡಲೇ ಮೊದಲು ಅದನ್ನು ಬಿಚ್ಚಿ ಸ್ನಾನ ಮಾಡು. ಒದ್ದೆ ಬಟ್ಟೆಯಲ್ಲಿ ಚಹಾ ಕುಡಿಯುತ್ತ ಕೂತರೆ ಕುರ ಏಳುತ್ತದೆ. ಒಗೆದ ಶಾರ್ಟ್ಸನ್ನು ಒಣ ಟವೆಲಿನಲ್ಲಿ ಸುರುಳಿ ಸುತ್ತಿ ಅದರ ಮೇಲೆ ನಿಂತು ತುಳಿ, ಅರ್ಧ ನೀರು ಟವೆಲಿಗೆ ಹೋಗುತ್ತದೆ. ಊಟಿಯ ಡಿಸೆಂಬರ್ ಚಳಿಯಲ್ಲಿ ಇನ್ಯಾವ ರೀತಿಯಲ್ಲೂ ಅದು ಬೆಳಗಿನೊಳಗೆ ಒಣಗುವುದಿಲ್ಲ. ಸೀಟಿನ ಮೂತಿಯನ್ನು ಕೂದಲೆಳೆಯಷ್ಟು ಕೆಳಗೆ ಬಾಗಿಸಿ ನೋಡು. ನಮ್ಮ ಕೂರುವ ಮೂಳೆಗಳ ಅಂತರ ಸಾಮಾನ್ಯವಾಗಿ ಗಂಡಸರದಕ್ಕಿಂತ ಹೆಚ್ಚು, ಸೀಟು ಅದಕ್ಕೆ ಸರಿಯಾಗಿ ಅಗಲವಿರಬೇಕು. ಮೆತ್ತಗಿನ ದಪ್ಪ ಸೀಟು ಹತ್ತು ಕಿಲೋಮೀಟರಿಗೆ ಹಿತ, ನೂರಕ್ಕೆ ಶತ್ರು.

ಬಾತ್‌ರೂಮಿನ ವಿಷಯಕ್ಕೆ ನನ್ನ ಕಹಿ ಅನುಭವ ಹೇಳಬೇಕು. ಒಂದು ಕರಾವಳಿ ಪ್ರವಾಸದಲ್ಲಿ, ಆಯೋಜಕರ ಹೆಸರು ಬೇಡ, ತೊಂಬತ್ತು ಕಿಲೋಮೀಟರಿನ ದಿನಕ್ಕೆ ಹೆಂಗಸರಿಗೆಂದು ಒಂದೇ ಒಂದು ನಿಲುಗಡೆ ಇರಲಿಲ್ಲ. ಗಂಡಸರು ಮರ ಹುಡುಕಿಕೊಂಡರು. ನಾವು ಮೂವರು ಹೆಂಗಸರು ನೀರನ್ನೇ ಕುಡಿಯದೆ ತುಳಿದೆವು. ಆ ಉಪ್ಪು ಬಿಸಿಲಿನಲ್ಲಿ ಸಂಜೆಗೆ ತಲೆ ಸಿಡಿಯುತ್ತಿತ್ತು, ಎರಡು ದಿನಕ್ಕೆ ನನಗೆ ಮೂತ್ರದ ಸೋಂಕಾಗಿ ಜ್ವರ ಬಂತು, ಪ್ರವಾಸ ಅಲ್ಲಿಗೇ ನಿಂತಿತು. ಈಗ ಹಣ ಕಟ್ಟುವ ಮೊದಲು ನಾನು ಬರೆದು ಕೇಳುತ್ತೇನೆ: ಪ್ರತಿ ತಿಂಡಿ ಮೇಜಿನ ಹತ್ತಿರ ಬಾಗಿಲಿರುವ ಶೌಚಾಲಯ ಇದೆಯೇ, ಸ್ವಯಂಸೇವಕರಲ್ಲಿ ಹೆಂಗಸರಿದ್ದಾರೆಯೇ, ಕೋಣೆ ಯಾರ ಜತೆ. ಉತ್ತರ ಬರವಣಿಗೆಯಲ್ಲಿ ಬರದಿದ್ದರೆ ಆ ಪ್ರವಾಸಕ್ಕೆ ಹೋಗುವುದಿಲ್ಲ. ನೀನೂ ಕೇಳು. ನಾಲ್ಕು ಜನ ಹೆಂಗಸರು ಕೇಳಿದರೆ ಮೇಜನ್ನು ಪೆಟ್ರೋಲ್ ಬಂಕಿನ ಪಕ್ಕಕ್ಕೆ ಸರಿಸುತ್ತಾರೆ, ಅಷ್ಟು ಸುಲಭದ ಕೆಲಸ ಅದು. ನೀರು ಕುಡಿಯುವುದನ್ನು ಮಾತ್ರ ಯಾವತ್ತೂ ಬಿಡಬೇಡ.

ತಿಂಗಳ ದಿನಕ್ಕೆ ಪ್ಯಾಡಿಗಿಂತ ಕಪ್ ಅಥವಾ ಟ್ಯಾಂಪನ್ ಸೈಕಲಿಗೆ ಒಳ್ಳೆಯದು, ಪ್ಯಾಡು ಉಜ್ಜುತ್ತದೆ. ಕಪ್ ಬಳಸುವುದಾದರೆ ಪ್ರವಾಸಕ್ಕೆ ಎರಡು ಮೂರು ತಿಂಗಳು ಮೊದಲೇ ಮನೆಯಲ್ಲಿ ರೂಢಿ ಮಾಡಿಕೋ. ಹೊಟ್ಟೆನೋವು ಜಾಸ್ತಿಯಿದ್ದ ದಿನ ವಾಹನದಲ್ಲಿ ಕೂತು ಬಾ. ಮೇಲಿನ ದಾವಣಗೆರೆಯವರಿಗೆ ಹೇಳಿದ್ದು ನಿನಗೂ ಹೇಳಿದ್ದು: ಆ ಸೀಟಿಗೆ ನೀನು ದುಡ್ಡು ಕೊಟ್ಟಿದ್ದೀಯ, ಅದು ನಿನ್ನದು.

ಪ್ರಶ್ನೆ: ನನಗೆ 23. ಇದೇ ಪ್ರವಾಸಕ್ಕೆಂದು ಸಾಲ ಮಾಡಿ ಕಾರ್ಬನ್ ಸೈಕಲ್ ಕೊಳ್ಳೋಣ ಅಂತಿದ್ದೇನೆ. ಇಳಿಜಾರಿನಲ್ಲಿ ಗಂಟೆಗೆ 70 ಮುಟ್ಟುವ ಆಸೆ. ಏನು ಹೇಳುತ್ತೀರಿ? – ಉಡುಪಿಯ ಓದುಗ

ಉತ್ತರ: ಸಾಲ ಬೇಡಪ್ಪ. ಇರುವ ಸೈಕಲನ್ನು ನವೆಂಬರಿನಲ್ಲಿ ಪೂರ್ತಿ ಸರ್ವಿಸ್ ಮಾಡಿಸು. ಹೊಸ ಚೈನು, ಹೊಸ ಬ್ರೇಕ್ ಪ್ಯಾಡು, 28 ಮಿಲಿಮೀಟರಿನ ಹೊಸ ಟೈರು. ಆಮೇಲೆ ಒಂದು ಚಿಕ್ಕ ತುಂಡು ಲೋಹ ಕೊಂಡುಕೋ: ಹಿಂದಿನ ಗೇರು ಬದಲಿಸುವ ಡಿರೇಲರ್ ಸೈಕಲಿಗೆ ನೇತುಹಾಕಿಕೊಳ್ಳುವ ಹ್ಯಾಂಗರ್. ಸೈಕಲ್ ಬಲಕ್ಕೆ ಬಿದ್ದರೆ ಮೊದಲು ಬಗ್ಗುವುದು ಅದೇ. ಮೆಕ್ಯಾನಿಕ್ಕಿನ ಗಾಡಿಯಲ್ಲಿ ಟ್ಯೂಬು, ಕೇಬಲ್ಲು, ಚೈನು ಎಲ್ಲ ಇರುತ್ತದೆ, ಆದರೆ ಹ್ಯಾಂಗರ್ ಪ್ರತಿ ಮಾದರಿಗೂ ಬೇರೆ. ನಿನ್ನದು ನಿನ್ನ ಚೀಲದಲ್ಲೇ ಇರಬೇಕು. ಅಷ್ಟು ಚಿಕ್ಕದು ಇಲ್ಲದೆ ಎರಡು ದಿನ ಬಸ್ಸಿನಲ್ಲಿ ಕೂತವರನ್ನು ಕಂಡಿದ್ದೇನೆ.

ವೇಗದ ಬಗ್ಗೆ ನಾನು ಮೇಷ್ಟ್ರಾಗಿಯೇ ಮಾತಾಡುತ್ತೇನೆ, ಕೇಳಿಸಿಕೋ. ವೇಗ ಎರಡರಷ್ಟಾದರೆ ಚಲನಶಕ್ತಿ ನಾಲ್ಕರಷ್ಟು. 35ರಲ್ಲಿ ಹತ್ತು ಮೀಟರಿನಲ್ಲಿ ನಿಲ್ಲುವ ಸೈಕಲಿಗೆ 70ರಲ್ಲಿ ನಲವತ್ತು ಮೀಟರ್ ಬೇಕು, ಅದೂ ನಿನ್ನ ಬೆರಳು ಬ್ರೇಕು ಒತ್ತಿದ ಮೇಲೆ. ಘಾಟಿಯ ತಿರುವಿನಾಚೆ ನಲವತ್ತು ಮೀಟರ್ ರಸ್ತೆ ಕಾಣುವುದೇ ಇಲ್ಲ. ಕಾಣುವುದು ಬರುತ್ತಿರುವ ಬಸ್ಸಿನ ಮೂತಿ. ತಿರುವಿಗೆ ಮೊದಲೇ, ನೇರ ರಸ್ತೆಯಲ್ಲೇ ವೇಗ ಇಳಿಸು. ಎರಡೂ ಬ್ರೇಕು ಬಿಟ್ಟು ಬಿಟ್ಟು ಹಿಡಿ. ಒಂದೇ ಸಮ ಒತ್ತಿಕೊಂಡೇ ಬಂದರೆ ರಿಮ್ಮು ಕೈ ಸುಡುವಷ್ಟು ಕಾಯುತ್ತದೆ. ನಿನಗೆ ಆಸೆಯಿರುವ ಕಾರ್ಬನ್ ರಿಮ್ಮಿಗೆ ರಿಮ್ ಬ್ರೇಕು ಇದ್ದರೆ ಉದ್ದ ಇಳಿಜಾರಿನ ಕಾವು ಇನ್ನೂ ಅಪಾಯ. ಬೆಳಗಿನ ಜಾವ ಊಟಿ ಬಳಿಯ ತಲೈಕುಂದದ ಬಯಲಿನಲ್ಲಿ ಡಿಸೆಂಬರಿನಲ್ಲಿ ಹುಲ್ಲಿನ ಮೇಲೆ ಹಿಮ ಕಟ್ಟಿರುತ್ತದೆ. ಆ ಚಳಿಗೆ ಬೆರಳು ಮರಗಟ್ಟಿದರೆ ಬ್ರೇಕು ಹಿಡಿಯಲು ಆಗುವುದಿಲ್ಲ, ಪೂರ್ತಿ ಬೆರಳಿನ ಕೈಗವಸು ಹಾಕು, ಜಾಕೆಟ್ಟಿನೊಳಗೆ ಎದೆಯ ಮೇಲೆ ಒಂದು ದಿನಪತ್ರಿಕೆ ಮಡಿಸಿಡು. ಇಳಿದ ಮೇಲೆ ಬಿಸಾಡದೆ ಹೋಟೆಲಿಗೆ ತಾ. ನಿನ್ನ ತಾಯಿಗೆ ನೀನು ಪೂರ್ತಿ ವಾಪಸ್ ಬರಬೇಕು.

ಪ್ರಶ್ನೆ: ನಮ್ಮ ಯಜಮಾನರಿಗೆ 61. ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದೆ. ದಿನಾ ಹದಿನೈದು ಕಿಲೋಮೀಟರ್ ಸೈಕಲ್ ತುಳಿಯುತ್ತಾರೆ. ಈಗ ಈ ಪ್ರವಾಸಕ್ಕೆ ಹೋಗುತ್ತೇನೆ ಅಂತ ಹಟ. ನಾನು ಬೇಡ ಎಂದರೆ ಊಟ ಬಿಡುತ್ತಾರೆ. – ಶಿವಮೊಗ್ಗದ ಓದುಗಿ

ಉತ್ತರ: ಅಮ್ಮಾ, ಇದಕ್ಕೆ ನಾನಾಗಲಿ ನೀವಾಗಲಿ ಉತ್ತರ ಕೊಡುವುದು ಸರಿಯಲ್ಲ. ಅವರ ಹೃದ್ರೋಗ ವೈದ್ಯರು ಕೊಡಬೇಕು. ಸುಮ್ಮನೆ "ಸೈಕಲ್ ತುಳಿಯಬಹುದಾ" ಎಂದು ಕೇಳಿದರೆ ಅವರು ಹೂಂ ಎಂದುಬಿಟ್ಟಾರು, ದಿನದ ಹದಿನೈದು ಕಿಲೋಮೀಟರನ್ನು ಮನಸ್ಸಿನಲ್ಲಿಟ್ಟು. ದಾರಿಯ ಪಟ್ಟಿಯನ್ನೇ ಕೈಗೆ ಕೊಡಿ: ದಿನಕ್ಕೆ ಇಷ್ಟು ದೂರ, ಇಷ್ಟು ಏರು, ಎರಡು ಸಾವಿರ ಮೀಟರಿಗಿಂತ ಹೆಚ್ಚಿನ ಎತ್ತರ, ಬೆಳಗಿನ ಚಳಿ, ಎಂಟು ದಿನ ಸತತ. ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ ನೋಡಿಯೇ ಹೇಳುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬಿದ್ದಾಗ ರಕ್ತ ಬೇಗ ನಿಲ್ಲುವುದಿಲ್ಲ. ಅದನ್ನು ಆಯೋಜಕರ ವೈದ್ಯರಿಗೆ ಮುಚ್ಚಿಡಬಾರದು. ಹೆಸರು ಕೊಡುವ ಅರ್ಜಿಯಲ್ಲಿ ಆರೋಗ್ಯದ ಪ್ರಶ್ನೆಗಳಿಗೆ "ಏನೂ ಇಲ್ಲ" ಎಂದು ಬರೆಯುವ ಗಂಡಸರು ಬಹಳ. ಅರ್ಜಿಯನ್ನು ನೀವೇ ಪಕ್ಕದಲ್ಲಿ ಕೂತು ತುಂಬಿಸಿ.

ವೈದ್ಯರು ಒಪ್ಪಿದರೆ ಹೋಗಲಿ, ಏರಿನ ದಿನ ಅರ್ಧ ದಾರಿ ವಾಹನದಲ್ಲಿ ಬರುವುದಾಗಿ ನಿಮಗೆ ಮಾತು ಕೊಟ್ಟು ಹೋಗಲಿ. ಬೇಡವೆಂದರೆ ಅವರಿಗೆ ನನ್ನದೊಂದು ಕೋರಿಕೆ ತಿಳಿಸಿ. ಎಡ ಮಂಡಿಯ ದೆಸೆಯಿಂದ ಈ ಡಿಸೆಂಬರಿನಲ್ಲಿ ನಾನೂ ಸೈಕಲ್ ಒಯ್ಯುತ್ತಿಲ್ಲ. ಸ್ವಯಂಸೇವಕಿಯಾಗಿ ಸ್ವೀಪ್ ವಾಹನದಲ್ಲಿ ಇರುತ್ತೇನೆ. ಅಲ್ಲಿ ಇಬ್ಬರು ಬೇಕು. ಒಬ್ಬರು ದಾಟಿಹೋದವರ ಸಂಖ್ಯೆಯನ್ನು ಪ್ರತಿ ತಿಂಡಿ ಮೇಜಿನಲ್ಲಿ ಬರೆದುಕೊಂಡು ಹಿಂದೆ ಎಷ್ಟು ಜನ ಉಳಿದರೆಂದು ತಾಳೆ ನೋಡಬೇಕು, ಇನ್ನೊಬ್ಬರು ಇಳಿದು ಸೈಕಲ್ ಹಿಡಿದುಕೊಳ್ಳಬೇಕು. ಬರೆಯುವ ಕೆಲಸಕ್ಕೆ ಶಿಸ್ತಿನವರು, ಸೈಕಲ್ ತುಳಿದು ಗೊತ್ತಿರುವವರು ಬೇಕು. ದಣಿದವರ ಜತೆ ಯಾವಾಗ ಮಾತಾಡಬೇಕು, ಯಾವಾಗ ಸುಮ್ಮನಿರಬೇಕು ಎಂಬುದು ತುಳಿದವರಿಗೇ ಗೊತ್ತಿರುತ್ತದೆ. ಒಪ್ಪಿಗೆಯಿದ್ದರೆ ಅಕ್ಟೋಬರ್ ಮುಗಿಯುವುದರೊಳಗೆ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಲಿ. ಉಣ್ಣೆ ಟೋಪಿ, ಟಾರ್ಚು, ತಮ್ಮ ಮಾತ್ರೆಗಳನ್ನು ಅವರು ತರಲಿ. ಆಲೂಗಡ್ಡೆ ನಾನು ಬೇಯಿಸಿ ತರುತ್ತೇನೆ.